ಕಲ್ಲು ತೇಲಿಸಿದವನ ಪದಕ

ಅಂಗೈಯಲ್ಲಿ ಹಿಡಿಸುವ ಬೆಳ್ಳಿಯ ಬಿಲ್ಲೆ. ಒಂದು ಬದಿಯಲ್ಲಿ ಥಾಮಸ್ ಟೆಲ್ಫರ್ಡ್‌ನ ಮುಖ. ತಿರುಗಿಸಿದರೆ ಎರಡು ಎತ್ತರದ ಕಲ್ಲುಗೋಪುರಗಳು, ಅವುಗಳ ನಡುವೆ ಸರಪಳಿಗಳಿಂದ ಇಳಿಬಿದ್ದ ದಾರಿ, ಕೆಳಗೆ ಸಮುದ್ರದ ಕವಲು. ಅದು ವೇಲ್ಸ್‌ನ ಮೆನಾಯ್ ತೂಗುಸೇತುವೆ; ಟೆಲ್ಫರ್ಡ್ ಕಟ್ಟಿ 1826ರ ಜನವರಿಯಲ್ಲಿ ಸಂಚಾರಕ್ಕೆ ತೆರೆದದ್ದು. ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಕೊಡುತ್ತಿದ್ದ ಟೆಲ್ಫರ್ಡ್ ಪದಕ ಇದು. ಮೊದಮೊದಲ ದಶಕಗಳಲ್ಲಿ ಹೆಚ್ಚಿನವರ ಕೈಸೇರಿದ್ದು ಬೆಳ್ಳಿಯದೇ.

ಇದರ ಅಚ್ಚು ಕೆತ್ತಿದವನು ವಿಲಿಯಂ ವಯನ್. ಬ್ರಿಟನ್ನಿನ ಟಂಕಸಾಲೆಯ ಮುಖ್ಯ ಕೆತ್ತನೆಗಾರ. ಜಗತ್ತಿನ ಮೊದಲ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್' ಮೇಲಿನ ರಾಣಿಯ ಮುಖಕ್ಕೂ ಅವನ ಒಂದು ಪದಕವೇ ಮಾದರಿ. ಅವನ ಕೈಕೆಲಸ ನಮ್ಮ ಅಜ್ಜಿಯರ ಪೆಟ್ಟಿಗೆಗಳಿಗೂ ಬಂದಿತ್ತು. 1840ರ ಇಸವಿ ಇರುವ ಈಸ್ಟ್ ಇಂಡಿಯಾ ಕಂಪನಿಯ ಬೆಳ್ಳಿ ರೂಪಾಯಿ ಯಾರ ಮನೆಯಲ್ಲಾದರೂ ಉಳಿದಿದ್ದರೆ, ವಿಕ್ಟೋರಿಯಾಳ ಕೊರಳು ಮುಗಿಯುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಎರಡು ಪುಟ್ಟ 'ಡಬ್ಲ್ಯು' ಅಕ್ಷರಗಳು ಕಂಡರೆ ಅದು ವಯನ್‌ನ ರುಜು. ಮೆದುವಾದ ಉಕ್ಕಿನ ಮೇಲೆ ಚಿತ್ರವನ್ನು ತಿರುಗಾಮುರುಗಾ ಕೊರೆಯಬೇಕು. ಕನ್ನಡಿಯಲ್ಲಿ ಕಂಡ ಹಾಗೆ, ಉಬ್ಬಬೇಕಾದದ್ದು ತಗ್ಗಾಗಿ. ಆಮೇಲೆ ಆ ಉಕ್ಕನ್ನು ಕಾಯಿಸಿ, ತಣಿಸಿ, ಗಟ್ಟಿ ಮಾಡಬೇಕು. ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ತಿರುಪು ಯಂತ್ರದಿಂದ ಒತ್ತಬೇಕು. ಪದಕದ ಉಬ್ಬು ನಾಣ್ಯದ್ದಕ್ಕಿಂತ ಎತ್ತರ, ಹಾಗಾಗಿ ಒಂದೇ ಏಟಿಗೆ ಮೂಡುವುದಿಲ್ಲ. ಒತ್ತಿದ ಬೆಳ್ಳಿ ಬಿರುಸಾಗುತ್ತದೆ. ಮತ್ತೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕು.

ಇಷ್ಟು ಶ್ರಮದ ಈ ಬೆಳ್ಳಿ ಯಾವುದಕ್ಕೆ ಸಲ್ಲುತ್ತಿತ್ತು ಎನ್ನುವುದೇ ನನ್ನನ್ನು ಇದರ ಹಿಂದೆ ಹೋಗುವಂತೆ ಮಾಡಿದ್ದು. ಎಂಜಿನಿಯರನಿಗೆ ಪದಕವೆಂದರೆ ಅಣೆಕಟ್ಟು ಕಟ್ಟಿದ್ದಕ್ಕೋ ಸೇತುವೆ ಹಾಕಿದ್ದಕ್ಕೋ ಎಂದುಕೊಳ್ಳುತ್ತೇವೆ. ಟೆಲ್ಫರ್ಡ್ ಪದಕ ಸಿಗುತ್ತಿದ್ದದ್ದು ಬರೆದದ್ದಕ್ಕೆ. ತಾನು ಮಾಡಿದ ಕೆಲಸವನ್ನು ಹೇಗೆ ಮಾಡಿದೆ, ಏನು ಖರ್ಚಾಯಿತು, ಎಲ್ಲಿ ಕೈಕೊಟ್ಟಿತು ಎಂದು ನಕ್ಷೆ ಸಮೇತ ಬರೆದು ಸಂಸ್ಥೆಗೆ ಒಪ್ಪಿಸಬೇಕು. ಅದನ್ನು ಸಭೆಯಲ್ಲಿ ಓದುತ್ತಾರೆ, ಹತ್ತಾರು ಎಂಜಿನಿಯರುಗಳು ಪ್ರಶ್ನೆ ಹಾಕುತ್ತಾರೆ, ಆ ಚರ್ಚೆಯೂ ಅಚ್ಚಾಗುತ್ತದೆ. ವರ್ಷದ ಕೊನೆಗೆ ಒಳ್ಳೆಯ ಪ್ರಬಂಧಗಳಿಗೆ ಪದಕ, ಪುಸ್ತಕ, ಬಹುಮಾನ.

ಈ ಏರ್ಪಾಡಿಗೆ ದುಡ್ಡು ಬಂದದ್ದು ಒಂದು ಉಯಿಲಿನಿಂದ. ಟೆಲ್ಫರ್ಡ್ ಹುಟ್ಟಿದ್ದು 1757ರಲ್ಲಿ, ಸ್ಕಾಟ್ಲೆಂಡಿನ ದಕ್ಷಿಣದ ಗುಡ್ಡಗಳಲ್ಲಿ, ಒಬ್ಬ ಕುರಿಗಾಹಿಯ ಮನೆಯಲ್ಲಿ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ. ಹುಡುಗ ಕಲ್ಲುಕುಟಿಗರ ಹತ್ತಿರ ಕೆಲಸಕ್ಕೆ ಸೇರಿದ. ಎಂಜಿನಿಯರಿಂಗ್ ಕಲಿಸುವ ಶಾಲೆ ಅವನಿಗೆ ಸಿಗಲಿಲ್ಲ, ಓದಿಕೊಂಡದ್ದೆಲ್ಲ ತಾನೇ. ಮುಂದೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಗೆ ಒಂಬೈನೂರಕ್ಕೂ ಹೆಚ್ಚು ಮೈಲಿ ರಸ್ತೆ, ಸಾವಿರದಷ್ಟು ಸೇತುವೆ ಹಾಕಿಸಿದ. ಕ್ಯಾಲೆಡೋನಿಯನ್ ಕಾಲುವೆ ತೋಡಿಸಿದ. 1818ರಲ್ಲಿ ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಕೆಲವು ಎಳೆಯರು ಸೇರಿ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಶುರುಮಾಡಿದ್ದರು. ಹೆಸರು ಇಲ್ಲ, ವರ್ಚಸ್ಸು ಇಲ್ಲ. 1820ರಲ್ಲಿ ಟೆಲ್ಫರ್ಡ್‌ನನ್ನು ಅಧ್ಯಕ್ಷನಾಗಲು ಕೇಳಿಕೊಂಡರು. ಸಾಯುವ ತನಕ ಆ ಸ್ಥಾನದಲ್ಲಿ ಆತ ಸುಮ್ಮನೆ ಕೂರಲಿಲ್ಲ. ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗಬಾರದು, ಬರೆದಿಡಿ ಎಂದು ಪಟ್ಟು ಹಿಡಿದ.

1834ರ ಸೆಪ್ಟೆಂಬರ್ 2ರಂದು ಟೆಲ್ಫರ್ಡ್ ತೀರಿಕೊಂಡ. ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ. ಉಯಿಲಿನಲ್ಲಿ ಕವಿಗೆಳೆಯರಾದ ರಾಬರ್ಟ್ ಸೌದಿ ಮತ್ತು ಥಾಮಸ್ ಕ್ಯಾಂಬೆಲ್‌ಗೆ ಹಣ ಬಿಟ್ಟಿದ್ದ. ಹುಟ್ಟೂರ ಕಡೆಯ ಎರಡು ಪುಟ್ಟ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಲು ಹಣ ಬಿಟ್ಟಿದ್ದ. ಎಂಜಿನಿಯರುಗಳ ಸಂಸ್ಥೆಗೆ 2,000 ಪೌಂಡು. ಅದರ ಬಡ್ಡಿಯಿಂದ ವರ್ಷವರ್ಷ ಬಹುಮಾನ ಕೊಡಬೇಕು. ಕುರಿಗಾಹಿಯ ಮಗ ತನ್ನ ಗಳಿಕೆಯನ್ನು ಓದುವವರಿಗೂ ಬರೆಯುವವರಿಗೂ ಹಂಚಿ ಹೋದದ್ದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ನಾನು ಹೇಳಹೊರಟದ್ದು ಜೇಮ್ಸ್ ಬ್ರೆಮ್ನರ್‌ನ ಕಥೆ. 1844ರಲ್ಲಿ ಟೆಲ್ಫರ್ಡ್ ಪದಕ ಪಡೆದವರಲ್ಲಿ ಅವನೂ ಒಬ್ಬ. ನಾಲ್ಕು ಪ್ರಬಂಧಗಳಿಗಾಗಿ: ಒಂದು ಪಲ್ಟನಿಟೌನ್ ಬಂದರಿನ ಬಗ್ಗೆ, ಒಂದು ಸಾರ್ಕ್ಲೆಟ್ ಬಂದರಿನ ಬಗ್ಗೆ, ಮತ್ತೊಂದು ಸಮುದ್ರದ ತಳಕ್ಕೆ ಗೂಟ ಬಡಿಯುವ ಹೊಸ ಯಂತ್ರದ ಬಗ್ಗೆ, ಇನ್ನೊಂದು ಬಂದರು ಕಟ್ಟಲು ಬೇಕಾದ ಭಾರಿ ಕಲ್ಲುಗಳನ್ನು ನೀರಿನಲ್ಲಿ ತೇಲಿಸಿಕೊಂಡು ಹೋಗುವ ಸಾಧನದ ಬಗ್ಗೆ.

ಪಲ್ಟನಿಟೌನ್ ಎಲ್ಲಿದೆ ಎಂದು ತಿಳಿಯಲು ಬ್ರಿಟನ್ನಿನ ನಕ್ಷೆಯನ್ನು ತುದಿಯವರೆಗೆ ನೋಡಬೇಕು. ಸ್ಕಾಟ್ಲೆಂಡಿನ ಮುಖ್ಯಭೂಮಿ ಈಶಾನ್ಯದಲ್ಲಿ ಮುಗಿಯುವ ಮೂಲೆಯೇ ಕೇತ್‌ನೆಸ್. ಮರಗಳು ಕಡಿಮೆ, ಗಾಳಿ ಹೆಚ್ಚು, ಎಲ್ಲಿ ಅಗೆದರೂ ಹಾಸುಗಲ್ಲು. ಅಲ್ಲಿನ ವಿಕ್ ಎಂಬ ಊರಿನ ಕೊಲ್ಲಿ ಪೂರ್ವಕ್ಕೆ ಬಾಯಿ ತೆರೆದುಕೊಂಡಿದೆ. ಉತ್ತರ ಸಮುದ್ರದ ಬಿರುಗಾಳಿ ನೇರ ಒಳನುಗ್ಗುತ್ತದೆ. ಆದರೆ ಆ ಸಮುದ್ರದ ತುಂಬ ಹೆರಿಂಗ್ ಮೀನು. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. ಅದೂ ಹಿಂಡುಹಿಂಡಾಗಿ ಬರುತ್ತದೆ, ಅದರಲ್ಲೂ ಎಣ್ಣೆ ಅಂಶ ಹೆಚ್ಚು, ಹಿಡಿದ ಕೂಡಲೇ ಉಪ್ಪು ಹಾಕದಿದ್ದರೆ ಕೆಟ್ಟುಹೋಗುತ್ತದೆ. ಬ್ರಿಟಿಷ್ ಮೀನುಗಾರಿಕಾ ಸೊಸೈಟಿ ಅಲ್ಲೊಂದು ಬಂದರನ್ನೂ ಮೀನುಗಾರರಿಗೆ ಹೊಸ ಊರನ್ನೂ ಕಟ್ಟಿಸಲು ತೀರ್ಮಾನಿಸಿತು. ಬೀದಿಬೀದಿಯ ನಕ್ಷೆ ಬರೆದವನು ಟೆಲ್ಫರ್ಡ್. ತನಗೆ ಕಸುಬಿನ ಆರಂಭದಲ್ಲಿ ಆಸರೆಯಾಗಿದ್ದ ಸರ್ ವಿಲಿಯಂ ಪಲ್ಟನಿಯ ಹೆಸರು ಆ ಊರಿಗೆ ಬಂತು. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಒಳಬಂದರು ಎದ್ದಿತು. ಶತಮಾನದ ನಡುಭಾಗಕ್ಕೆ ಋತು ಬಂತೆಂದರೆ ಸಾವಿರಕ್ಕೂ ಹೆಚ್ಚು ದೋಣಿಗಳು ಅಲ್ಲಿ ಜಮಾಯಿಸುತ್ತಿದ್ದವು. ಧಕ್ಕೆಯ ಮೇಲೆ ಹೆಂಗಸರು ಸಾಲಾಗಿ ನಿಂತು ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ಉಪ್ಪು ಬೆರೆಸಿ, ಪದರಪದರವಾಗಿ ಪೀಪಾಯಿಗಳಿಗೆ ತುಂಬುತ್ತಿದ್ದರು. ಪೀಪಾಯಿ ಮಾಡುವವರದ್ದೇ ಒಂದು ದೊಡ್ಡ ಕಸುಬು.

ಬ್ರೆಮ್ನರ್ ಹುಟ್ಟಿದ್ದು ಅಲ್ಲೇ ಹತ್ತಿರದ ಕೀಸ್ ಎಂಬಲ್ಲಿ, 1784ರಲ್ಲಿ. ತಂದೆ ಸಿಪಾಯಿ, ಒಂಬತ್ತು ಮಕ್ಕಳಲ್ಲಿ ಇವನೇ ಕಡೆಯವನು. ತಾಯಿಯ ಕೈಯಲ್ಲಿ ಎಷ್ಟಿತ್ತೋ ಅಷ್ಟರಲ್ಲಿ ಓದು ಮುಗಿಯಿತು. ಹದಿನಾಲ್ಕರ ವಯಸ್ಸಿಗೆ ಗ್ರೀನಕ್ ಎಂಬ ಬಂದರಿನ ಹಡಗುಕಟ್ಟೆಯಲ್ಲಿ ಕೆಲಸ ಕಲಿಯಲು ಸೇರಿದ. ಆರೂವರೆ ವರ್ಷ ಅಲ್ಲಿ ದುಡಿದ. ಎರಡು ಬಾರಿ ಉತ್ತರ ಅಮೆರಿಕಕ್ಕೆ ಹಡಗಿನಲ್ಲಿ ಹೋಗಿಬಂದ. ಇಪ್ಪತ್ತೈದರ ಸುಮಾರಿಗೆ ಊರಿಗೆ ಮರಳಿ ಪಲ್ಟನಿಟೌನಿನಲ್ಲಿ ತನ್ನದೇ ಹಡಗುಕಟ್ಟೆ ಹಾಕಿದ. ಮುಂದಿನ ಸುಮಾರು ಅರ್ಧ ಶತಮಾನದಲ್ಲಿ 45 ಟನ್ನಿನಿಂದ 600 ಟನ್ನಿನವರೆಗಿನ 56 ಹಡಗುಗಳು ಅವನ ಕಟ್ಟೆಯಿಂದ ನೀರಿಗಿಳಿದವು. ಕೀಸ್, ಸಾರ್ಕ್ಲೆಟ್ ಮುಂತಾದ ಉತ್ತರದ ಎಷ್ಟೋ ಬಂದರುಗಳನ್ನು ಕಟ್ಟಿದ, ಇಲ್ಲವೇ ಹಿಗ್ಗಿಸಿದ. ಟೆಲ್ಫರ್ಡ್‌ನ ಒಳಬಂದರಿಗೆ ಆಮೇಲೆ ಸೇರಿದ ಹೊರಬಂದರಿನ ಕೆಲಸದಲ್ಲೂ ಅವನ ಕೈಯಿತ್ತು. ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿದ, ಮುಳುಗಿದ, ಮರಳಿಗೆ ಹೂತ ಹಡಗುಗಳನ್ನು ಎತ್ತುವುದು ಅವನ ಇನ್ನೊಂದು ಕಸುಬು. ಅವನ ಲೆಕ್ಕಕ್ಕೆ ಸೇರಿದ ಅಂಥ ಹಡಗುಗಳು 236.

ಕಲ್ಲು ತೇಲಿದ ಕಥೆ ಕೇಳದ ಕನ್ನಡಿಗರಿಲ್ಲ. ನಳ ಮುಟ್ಟಿದ ಬಂಡೆಗಳು ಸಮುದ್ರದ ಮೇಲೆ ನಿಂತು ಲಂಕೆಗೆ ಸೇತುವೆಯಾದವು. ಬ್ರೆಮ್ನರ್‌ಗೆ ಅಂಥ ವರ ಇರಲಿಲ್ಲ. ಅವನಿಗೆ ಇದ್ದದ್ದು ಪೀಪಾಯಿ ಮತ್ತು ಉಬ್ಬರ. ಸಮುದ್ರದಲ್ಲಿ ಗೋಡೆ ಕಟ್ಟುವವನ ಕಷ್ಟ ನೋಡಿ: ಸಣ್ಣ ಕಲ್ಲು ಹಾಕಿದರೆ ಮೊದಲ ಚಳಿಗಾಲದಲ್ಲೇ ಅಲೆ ಎತ್ತಿಕೊಂಡು ಹೋಗುತ್ತದೆ. ದೊಡ್ಡ ಕಲ್ಲು ಹಾಕೋಣವೆಂದರೆ ಅದನ್ನು ಎತ್ತಿ ತರುವ ಯಂತ್ರ ಬಡ ಬಂದರುಗಳಿಗೆ ದಕ್ಕುವುದಿಲ್ಲ. ದೋಣಿಗೆ ಹೇರಿದರೆ ದೋಣಿಯೇ ಮುಳುಗಬಹುದು. ಹೇರುವುದೂ ಇಳಿಸುವುದೂ ಪ್ರಾಣಸಂಕಟ.

ಬ್ರೆಮ್ನರ್ ಕಲ್ಲನ್ನು ದೋಣಿಗೆ ಏರಿಸುವ ಗೋಜಿಗೇ ಹೋಗಲಿಲ್ಲ. ನೀರು ಇಳಿದಾಗ ದಡದ ಕಲ್ಲಿಗೆ ಗಾಳಿ ತುಂಬಿದ ದೊಡ್ಡ ಪೀಪಾಯಿಗಳನ್ನು ಬಿಗಿಯಬೇಕು. ಆಮೇಲೆ ಕಾಯಬೇಕು. ಉಬ್ಬರ ಏರಿದಂತೆ ಪೀಪಾಯಿ ಮೇಲೇಳುತ್ತದೆ, ಅದರ ಅಡಿಯಲ್ಲಿ ನೇತುಬಿದ್ದು ಕಲ್ಲೂ ಏಳುತ್ತದೆ. ಹಗ್ಗ ಹಿಡಿದು ಗೋಡೆಯ ಜಾಗಕ್ಕೆ ಎಳೆದುಕೊಂಡು ಹೋಗಿ ಬಿಟ್ಟರೆ ಆಯಿತು. ಲೆಕ್ಕ ಸುಲಭ. ಹತ್ತು ಟನ್ನಿನ ಕಲ್ಲು ನಾಲ್ಕು ಘನಮೀಟರಿನಷ್ಟು ಜಾಗ ಹಿಡಿಯುತ್ತದೆ ಎಂದುಕೊಳ್ಳಿ. ಉಪ್ಪುನೀರಿನಲ್ಲಿ ಮುಳುಗಿದಾಗ ಅಷ್ಟೇ ನೀರಿನ ತೂಕ, ಅಂದರೆ ನಾಲ್ಕು ಟನ್ನಿಗಿಂತ ತುಸು ಹೆಚ್ಚು, ಅದರ ಭಾರದಲ್ಲಿ ಕಡಿಮೆಯಾಗುತ್ತದೆ. ಉಳಿದ ಆರು ಟನ್ನನ್ನು ಹೊರಲು ಸುಮಾರು ಆರು ಘನಮೀಟರ್ ಗಾಳಿ ಸಾಕು. ಪೀಪಾಯಿಗಳ ತೂಕಕ್ಕೆ ಇನ್ನಷ್ಟು ಸೇರಿಸಿಕೊಂಡರಾಯಿತು. ವಿಕ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಿಗೆ ಸಮುದ್ರ ಸುಮಾರು ಮೂರು ಮೀಟರ್ ಏರಿ ಇಳಿಯುತ್ತದೆ. ದಿನಕ್ಕೆ ಎರಡು ಸಲ ಚಂದ್ರನೇ ಬಂದು ಕಲ್ಲು ಎತ್ತಿಕೊಟ್ಟು ಹೋಗುತ್ತಾನೆ, ಒಂದು ಕಾಸೂ ಕೂಲಿ ಕೇಳದೆ. ಹೆರಿಂಗ್ ತುಂಬುವ ಊರಿನಲ್ಲಿ ಪೀಪಾಯಿ ಕಟ್ಟುವ ಕೈಗಳಿಗೂ ಬರವಿರಲಿಲ್ಲ.

ಮುಳುಗಿದ ಹಡಗಿನ ಕೆಲಸಕ್ಕೂ ಇದೇ ಬುದ್ಧಿ. ಇಳಿತದಲ್ಲಿ ಬಿಗಿ, ಉಬ್ಬರದಲ್ಲಿ ಎತ್ತು, ಒಂದಿಷ್ಟು ಮುಂದೆ ಸಾಗಿಸು, ಮತ್ತೆ ಇಳಿತಕ್ಕೆ ಕಾದು ಹಗ್ಗ ಬಿಗಿಮಾಡು. ತಾಳ್ಮೆಯ ಕೆಲಸ. ನೀರು ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ, ಯಾವ ಗಾಳಿಗೆ ಎಷ್ಟು ಹೆಚ್ಚುತ್ತದೆ ಎನ್ನುವುದು ಮೈಗೆ ಹತ್ತಿರಬೇಕು. ಇಂಥ ಅರಿವು ಎಲ್ಲ ಕರಾವಳಿಗಳಲ್ಲೂ ಇರುತ್ತದೆ, ಇದ್ದು ಹಾಗೆಯೇ ಮಣ್ಣುಪಾಲಾಗುತ್ತದೆ. ಆಳು ಸತ್ತರೆ ವಿದ್ಯೆಯೂ ಸಾಯುತ್ತದೆ. ಮುಂದಿನವನು ಮೊದಲಿನಿಂದ ತಡಕಾಡಬೇಕು. ಟೆಲ್ಫರ್ಡ್‌ನ ಉಯಿಲಿನ ದೊಡ್ಡತನ ನನಗೆ ಕಾಣುವುದು ಇಲ್ಲಿ. ಲಂಡನ್ನಿಗೂ ವಿಕ್‌ಗೂ ಆಗ ರೈಲಿರಲಿಲ್ಲ. ಆ ಮೂಲೆಯ ಊರಿನ, ಕಾಲೇಜಿನ ಮುಖ ಕಾಣದ ಹಡಗುಕಟ್ಟುವವನೊಬ್ಬನ ಪೀಪಾಯಿ ಯುಕ್ತಿ ರಾಜಧಾನಿಯ ಸಭೆಯಲ್ಲಿ ದೊಡ್ಡ ದೊಡ್ಡ ರೈಲ್ವೆ ಎಂಜಿನಿಯರುಗಳ ಪ್ರಬಂಧಗಳ ಜೊತೆಗೆ ಸಮನಾಗಿ ಕೂತಿತು, ಅಚ್ಚಾಯಿತು, ಪದಕ ಪಡೆಯಿತು. ಟೆಲ್ಫರ್ಡ್ ನಕ್ಷೆ ಬರೆದ ಊರಿನಲ್ಲೇ ಬದುಕಿ, ಟೆಲ್ಫರ್ಡ್‌ನ ಬಂದರಿನ ಬಗ್ಗೆಯೇ ಬರೆದವನ ಕೈಗೆ ಟೆಲ್ಫರ್ಡ್‌ನ ಮುಖವಿರುವ ಪದಕ ಬಂತು. ಇದನ್ನು ಯಾರೂ ಹವಣಿಸಿ ಮಾಡಿದ್ದಲ್ಲ, ತಾನಾಗಿ ಕೂಡಿಬಂದದ್ದು.

ಪದಕ ಬಂದ ಮರುವರ್ಷವೇ, 1845ರಲ್ಲಿ, ಬ್ರೆಮ್ನರ್ ವಿಕ್‌ನಿಂದ ಒಂದು ಪುಸ್ತಕ ಪ್ರಕಟಿಸಿದ. ಆಳದ ನೀರಿನಲ್ಲಿ ಬಂದರು ಕಟ್ಟುವುದು, ನೀರಿನೊಳಗೆ ಗೂಟ ಬಡಿಯುವುದು, ದಡ ಹತ್ತಿದ ಹಡಗು ಕಾಪಾಡುವುದು, ಮುಳುಗಿದ್ದನ್ನು ಎತ್ತುವುದು, ಎಲ್ಲ ಅದರಲ್ಲಿತ್ತು. ವಯಸ್ಸು ಅರವತ್ತು ದಾಟಿತ್ತು. ಅವನ ಬಾಳಿನ ಅತಿ ದೊಡ್ಡ ಕೆಲಸ ಇನ್ನೂ ಬರಬೇಕಿತ್ತು.

'ಗ್ರೇಟ್ ಬ್ರಿಟನ್' ಆ ಕಾಲದ ಅಚ್ಚರಿಯ ಹಡಗು. ಇಸಾಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ರೂಪಿಸಿದ್ದು. 322 ಅಡಿ ಉದ್ದ, ಮೈಯೆಲ್ಲ ಕಬ್ಬಿಣ, ಹಿಂಬದಿಯಲ್ಲಿ ತಿರುಗುವ ತಿರುಪಿನಿಂದ ಓಟ. 1843ರ ಜುಲೈ 19ರಂದು ಬ್ರಿಸ್ಟಲ್‌ನಲ್ಲಿ ನೀರಿಗಿಳಿದಾಗ ಜಗತ್ತಿನಲ್ಲೇ ಅಷ್ಟು ದೊಡ್ಡ ಹಡಗು ಬೇರೊಂದಿರಲಿಲ್ಲ. 1846ರ ಸೆಪ್ಟೆಂಬರ್ 22ರಂದು ಸುಮಾರು 180 ಪ್ರಯಾಣಿಕರನ್ನು ಹತ್ತಿಸಿಕೊಂಡು ಲಿವರ್‌ಪೂಲ್‌ನಿಂದ ನ್ಯೂಯಾರ್ಕಿಗೆ ಹೊರಟಿತು. ಅದೇ ರಾತ್ರಿ ದಾರಿ ತಪ್ಪಿ ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳಿಗೆ ನುಗ್ಗಿ ಕೂತಿತು. ಜನರ ಪ್ರಾಣ ಉಳಿಯಿತು. ಹಡಗು ಅಲ್ಲಾಡಲಿಲ್ಲ. ಚಳಿಗಾಲ ಹತ್ತಿರ ಬರುತ್ತಿತ್ತು. ವಿಮೆ ಸಾಲದು, ಹಡಗಿನ ಒಡೆತನದ ಕಂಪನಿಯ ಬಂಡವಾಳವೆಲ್ಲ ಆ ಮರಳಿನಲ್ಲಿ. ಡಿಸೆಂಬರಿನಲ್ಲಿ ಬಂದು ನೋಡಿದ ಬ್ರೂನೆಲ್ ಹಡಗನ್ನು ಹಾಗೆ ಅಲೆಗಳ ಬಾಯಿಗೆ ಬಿಟ್ಟದ್ದಕ್ಕೆ ಕೆಂಡವಾದ. ಸೌದೆಯ ಕಟ್ಟುಗಳನ್ನು ಸಾವಿರಗಟ್ಟಲೆ ತರಿಸಿ ಹಿಂಭಾಗಕ್ಕೆ ಒಡ್ಡಿ, ಅಲೆಯ ಏಟನ್ನು ಮುರಿಯುವ ತಡೆ ಹಾಕಿಸಿದ. ಚಳಿಗಾಲ ಹೇಗೋ ಕಳೆಯಿತು.

ಎತ್ತುವವರು ಯಾರು? ವಿಕ್‌ನ ಮುದುಕನಿಗೂ ಅವನ ಮಗ ಅಲೆಕ್ಸಾಂಡರನಿಗೂ ಕರೆ ಹೋಯಿತು. ಅಲ್ಲಿವರೆಗೆ ಬ್ರೆಮ್ನರ್ ಎತ್ತಿದ್ದ ಹಡಗುಗಳು ಇದರ ಮುಂದೆ ದೋಣಿಗಳಷ್ಟೇ. ಪೀಪಾಯಿಗಳಿಂದ ಆಗುವ ಮಾತಲ್ಲ. ಅವರು ಮಾಡಿದ್ದನ್ನು ಹಂತಹಂತವಾಗಿ ನೋಡಬೇಕು. ಹಡಗಿನ ಎರಡೂ ಬದಿಗೆ ಕಂಬಗಳನ್ನು ನೆಟ್ಟರು. ಕಂಬದ ತಲೆಗೆ ರಾಟೆ. ರಾಟೆಯ ಮೇಲೆ ಹಾದ ಸರಪಳಿಯ ಒಂದು ತುದಿ ಹಡಗಿಗೆ, ಇನ್ನೊಂದು ತುದಿಗೆ ಮರಳು ತುಂಬಿದ ದೊಡ್ಡ ಪೆಟ್ಟಿಗೆ. ಉಬ್ಬರದ ನೀರು ಹಡಗಿನ ಸ್ವಲ್ಪ ಭಾರ ಹೊತ್ತ ಗಳಿಗೆಯಲ್ಲಿ, ತೂಗುವ ಮರಳುಪೆಟ್ಟಿಗೆಗಳು ಉಳಿದದ್ದನ್ನು ಮೇಲಕ್ಕೆಳೆಯುತ್ತವೆ. ಜೊತೆಗೆ ಭಾರಿ ತೊಲೆಗಳ ಸನ್ನೆಗಳು ಹಡಗಿನ ಅಂಚನ್ನು ಮೀಟುತ್ತವೆ. ಹಡಗು ಎದ್ದಷ್ಟೂ ಅಡಿಗೆ ಕಲ್ಲು, ಮರದ ದಿಮ್ಮಿ ತುರುಕಬೇಕು. ನೀರು ಇಳಿದಾಗ ಅದು ಮತ್ತೆ ಕೂರಬಾರದು. ಆ ಸಂದಿನಲ್ಲಿ ಆಳುಗಳು ನುಸುಳಿ ತಳದ ಕಬ್ಬಿಣದ ತೂತುಗಳನ್ನು ಮುಚ್ಚಬೇಕು. ಒಂದು ಉಬ್ಬರದಲ್ಲಿ ಸಿಗುತ್ತಿದ್ದದ್ದು ಅಂಗುಲಗಳ ಲೆಕ್ಕದ ಗೆಲುವು. ಚಂದ್ರ ಕಲ್ಲು ಎತ್ತಿಕೊಟ್ಟ ಹಾಗೆಯೇ ಇಲ್ಲೂ. ಕೆಲಸದ ಗಾತ್ರ ಬೇರೆಯಾಗಿತ್ತೇ ಹೊರತು ಬುದ್ಧಿ ಅದೇ.

1847ರ ಆಗಸ್ಟ್ 27ರಂದು 'ಗ್ರೇಟ್ ಬ್ರಿಟನ್' ತೇಲಿತು. ನೌಕಾಪಡೆಯ 'ಬರ್ಕನ್‌ಹೆಡ್' ಅದನ್ನು ಆಳದ ನೀರಿಗೆ ಎಳೆಯಿತು. ಸುಮಾರು ಹನ್ನೊಂದು ತಿಂಗಳು ಮರಳಿನಲ್ಲಿ ಕೂತಿದ್ದ ಹಡಗು ಸೋರುತ್ತಲೇ ಲಿವರ್‌ಪೂಲ್ ಸೇರಿತು. ಕಂಪನಿ ಮಾತ್ರ ಚೇತರಿಸಿಕೊಳ್ಳಲಿಲ್ಲ. 1,17,000 ಪೌಂಡು ನುಂಗಿದ್ದ ಹಡಗನ್ನು 1850ರಲ್ಲಿ 25,000 ಪೌಂಡಿಗೆ ಮಾರಿತು.

ಉಳಿದ ಹಡಗಿನ ಮುಂದಿನ ಬಾಳು ನಮ್ಮ ದೇಶವನ್ನೂ ಮುಟ್ಟಿತು. 1857ರ ಕೊನೆಯಲ್ಲಿ ಅದು ಬ್ರಿಟಿಷ್ ಸೈನಿಕರನ್ನು ಹೊತ್ತು ಮುಂಬಯಿಗೆ ಬಂತು. ಅದರಲ್ಲಿದ್ದ 17ನೇ ಲ್ಯಾನ್ಸರ್ಸ್ ಕುದುರೆ ಪಡೆ ಮುಂದೆ ಮಧ್ಯಭಾರತದಲ್ಲಿ ತಾತ್ಯಾ ಟೋಪೆಯ ಬೆನ್ನುಹತ್ತಿತು. ಮರಳಿನಿಂದ ಹಡಗು ಎತ್ತಿದ ಮುದುಕನಿಗೆ ಇದರ ಸುಳಿವೂ ಇರುವಂತಿರಲಿಲ್ಲ. ಅಷ್ಟರೊಳಗೆ, 1856ರ ಆಗಸ್ಟಿನಲ್ಲಿ, ಆತ ಪಲ್ಟನಿಟೌನಿನಲ್ಲೇ ಹಠಾತ್ತನೆ ತೀರಿಕೊಂಡಿದ್ದ. ಅವನ ಕೈಚಳಕವನ್ನು ಮೆಚ್ಚುವಾಗ, ಅವನು ಉಳಿಸಿದ ಹಡಗು ಆ ಸೈನಿಕರನ್ನು ಹೊತ್ತು ತಂದಿತೆಂಬ ನೋವೂ ಜೊತೆಗೆ ಬರುತ್ತದೆ, ಅದನ್ನು ಬಿಟ್ಟು ಬರೆಯಲು ನನಗೆ ಮನಸ್ಸಿಲ್ಲ. 1861ರಲ್ಲಿ ಆಸ್ಟ್ರೇಲಿಯಾಕ್ಕೆ ಮೊದಲ ಬಾರಿ ಹೊರಟ ಇಂಗ್ಲಿಷ್ ಕ್ರಿಕೆಟ್ ತಂಡ ಏರಿದ್ದೂ ಇದೇ ಹಡಗು. ಕಡೆಗೆ ಫಾಕ್‌ಲೆಂಡ್ ದ್ವೀಪಗಳಲ್ಲಿ ಕೈಬಿಟ್ಟ ಒಡಲನ್ನು 1970ರಲ್ಲಿ ಬ್ರಿಸ್ಟಲ್‌ಗೆ ಮರಳಿ ತಂದರು. ಈಗಲೂ ಅಲ್ಲಿ ಹುಟ್ಟಿದ ಕಟ್ಟೆಯಲ್ಲೇ ನಿಂತಿದೆ.

ವಿಕ್‌ಗೆ ಮರಳೋಣ. 'ಗ್ರೇಟ್ ಬ್ರಿಟನ್' ತೇಲಿದ ಮರುವರ್ಷ, 1848ರ ಆಗಸ್ಟಿನ ಒಂದು ಶನಿವಾರ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯನ್ನು ಬಿರುಗಾಳಿ ಹಿಡಿಯಿತು. ಹೆರಿಂಗ್ ಹಿಡಿಯಲು ರಾತ್ರಿ ಹೊರಟಿದ್ದ ದೋಣಿಗಳು ವಾಪಸು ಓಡಿಬಂದಾಗ ವಿಕ್‌ನ ಬಂದರಿನ ಬಾಯಲ್ಲಿ ನೀರು ಸಾಲದಾಗಿತ್ತು. ಇಳಿತದ ಹೊತ್ತು. ದಡದಲ್ಲಿ ನಿಂತ ಹೆಂಡಿರು ಮಕ್ಕಳ ಕಣ್ಣೆದುರೇ ದೋಣಿಗಳು ಮಗುಚಿದವು. ಆ ಕರಾವಳಿಯುದ್ದಕ್ಕೂ ನೂರರಷ್ಟು ಮೀನುಗಾರರು ಸತ್ತರು, 124 ದೋಣಿಗಳು ಹೋದವು. ಎತ್ತಿಕೊಡುವ ಉಬ್ಬರ ಬಾರದ ಗಳಿಗೆಯಲ್ಲಿ ಅದೇ ಸಮುದ್ರ ಹೀಗೂ ಮಾಡುತ್ತದೆ. ಎಂಥ ಹೊತ್ತಿನಲ್ಲೂ ಒಳಗೆ ಬರಬಹುದಾದ ಆಳದ ಆಸರೆ ಬೇಕೆಂಬ ಕೂಗು ಎದ್ದಿತು.

ಆ ಕೆಲಸಕ್ಕೆ 1863ರಲ್ಲಿ ಕೈಹಾಕಿದವರು ಎಡಿನ್‌ಬರೋದ ಸ್ಟೀವನ್ಸನ್ನರು. ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ಕಟ್ಟಿದ ಮನೆತನ ಅದು. ಡೇವಿಡ್, ಥಾಮಸ್ ಅಣ್ಣತಮ್ಮಂದಿರು ವಿಕ್ ಕೊಲ್ಲಿಗೆ ಅಡ್ಡಲಾಗಿ ಉದ್ದನೆಯ ಅಲೆತಡೆಗೋಡೆ ಶುರುಮಾಡಿದರು. ಅಲೆಯ ಏಟಿನ ಬಲವನ್ನು ಅಳೆಯುವ ಉಪಕರಣವನ್ನೇ ಮಾಡಿ, ಸ್ಕೆರಿವೋರ್ ಬಂಡೆಯ ಹತ್ತಿರ ಚದರಡಿಗೆ 6,083 ಪೌಂಡಿನ ಏಟನ್ನು ದಾಖಲಿಸಿದ್ದ ಥಾಮಸನಿಗಿಂತ ಈ ಕೆಲಸಕ್ಕೆ ತಕ್ಕವರು ಆಗ ಇರಲಿಲ್ಲ. 1868ರಲ್ಲಿ ಥಾಮಸನ ಒಬ್ಬನೇ ಮಗ ಎಂಜಿನಿಯರಿಂಗ್ ಕಲಿಯಲೆಂದು ವಿಕ್‌ಗೆ ಬಂದ. ಹದಿನೇಳರ ಹುಡುಗ, ತೆಳ್ಳನೆಯ ಮೈ. ಮುಳುಗುಗಾರರ ಉಡುಪು ತೊಟ್ಟು ಗೋಡೆಯ ಬುಡದವರೆಗೆ ಇಳಿದೂ ನೋಡಿದ. ಆ ಹುಡುಗ ರಾಬರ್ಟ್ ಲೂಯಿ ಸ್ಟೀವನ್ಸನ್. ಮುಂದೆ 'ಟ್ರೆಷರ್ ಐಲ್ಯಾಂಡ್' ಬರೆದವನು.

ಈ ಕಾದಂಬರಿಕಾರನೂ ಎಂಜಿನಿಯರಿಂಗಿಗೆ ಬೆಳ್ಳಿ ಪದಕ ಪಡೆದವನೇ. 1871ರ ಮಾರ್ಚಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಎಡಿನ್‌ಬರೋದ ರಾಯಲ್ ಸ್ಕಾಟಿಷ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ದೀಪಸ್ತಂಭದ ಮಿನುಗುವ ಬೆಳಕಿನ ಹೊಸ ಬಗೆಯೊಂದರ ಮೇಲೆ ಪ್ರಬಂಧ ಓದಿದ. ದೀಪ ನಿಂತಲ್ಲೇ ಇದ್ದು, ಸುತ್ತ ತಿರುಗುವ ಕನ್ನಡಿಯಿಂದ ಬೆಳಕು ಕಂಡು ಮರೆಯಾಗುವ ಏರ್ಪಾಡು. ಸೊಸೈಟಿ ಮೆಚ್ಚಿ ಬೆಳ್ಳಿ ಪದಕ ಕೊಟ್ಟಿತು. ತಂದೆಗೆ ಎಷ್ಟು ಹಿಗ್ಗಾಗಿರಬೇಕು! ಓದಿ ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 8ರಂದು, ಅಪ್ಪನ ಜೊತೆ ನಡೆದು ಹೋಗುತ್ತಿರುವಾಗ ಮಗ ಹೇಳಿದ: ತನಗೆ ಈ ಕಸುಬು ಬೇಡ, ಬರೆಯಬೇಕು. ಥಾಮಸ್ ಕಾನೂನಾದರೂ ಓದು ಎಂದು ಒಪ್ಪಿಸಿದ. ಆ ನಡಿಗೆಯಲ್ಲಿ ತಂದೆ ನುಂಗಿಕೊಂಡದ್ದು ಎಷ್ಟಿತ್ತೋ.

ಮರುವರ್ಷ ಇನ್ನೊಂದು ಪೆಟ್ಟು ಕಾದಿತ್ತು. ವಿಕ್‌ನ ಗೋಡೆಯ ತುದಿಯನ್ನು ಕಾಂಕ್ರೀಟ್ ಮತ್ತು ಕಬ್ಬಿಣದ ಸರಳುಗಳಿಂದ ಬಿಗಿದು ಒಂದೇ ರಾಶಿಯಾಗಿ ಮಾಡಿದ್ದರು. ತೂಕ 1,350 ಟನ್. 1872ರ ಡಿಸೆಂಬರಿನ ಬಿರುಗಾಳಿಯಲ್ಲಿ ಸ್ಥಳದ ಎಂಜಿನಿಯರ್ ಪಕ್ಕದ ಬಂಡೆಯ ಮೇಲೆ ನಿಂತು ನೋಡುತ್ತಿದ್ದಂತೆ, ಅಲೆಗಳು ಆ ರಾಶಿಯನ್ನು ಏಟಿನ ಮೇಲೆ ಏಟು ಕೊಟ್ಟು ಸ್ವಲ್ಪಸ್ವಲ್ಪವೇ ತಿರುಗಿಸಿ ಒಳಬದಿಗೆ ಉರುಳಿಸಿದವು. ಅದರ ಜಾಗದಲ್ಲಿ 2,600 ಟನ್ನಿನ ಇನ್ನೊಂದನ್ನು ಕೂರಿಸಿದರು. 1877ರಲ್ಲಿ ಸಮುದ್ರ ಅದನ್ನೂ ಒಯ್ಯಿತು. ಗೋಡೆಯ ಆಸೆಯನ್ನೇ ಬಿಡಬೇಕಾಯಿತು.

ಥಾಮಸ್ ಸ್ಟೀವನ್ಸನ್ ಈ ಸೋಲನ್ನು ಬಚ್ಚಿಡಲಿಲ್ಲ. ಬಂದರು ಕಟ್ಟುವ ವಿದ್ಯೆಯ ಬಗ್ಗೆ ಅವನ ಪುಸ್ತಕದ ಎರಡನೇ ಆವೃತ್ತಿ 1874ರಲ್ಲಿ ಬಂತು. ಮೊದಲ ಪೆಟ್ಟು ಬಿದ್ದು ಇನ್ನೂ ಎರಡು ವರ್ಷವಾಗಿರಲಿಲ್ಲ. ತನ್ನ ಗೋಡೆ ಹೇಗೆ ಕಟ್ಟಿತ್ತು, ತುದಿಯ ರಾಶಿಯ ಉದ್ದ ಅಗಲ ಎತ್ತರ ಎಷ್ಟು, ಕಬ್ಬಿಣದ ಸರಳು ಎಲ್ಲಿ ಹಾದಿತ್ತು, ಯಾವ ಪದರದಿಂದ ಕಿತ್ತುಬಂತು ಎಂದು ಅದರಲ್ಲಿ ವಿವರವಾಗಿ ಬರೆದ. ಅಲೆಗಳ ಬಲದ ಬಗ್ಗೆ ಆಮೇಲೆ ಬಂದ ಪುಸ್ತಕಗಳು ವಿಕ್‌ನ ಆ 1,350 ಟನ್ನನ್ನು ಮತ್ತೆ ಮತ್ತೆ ಎತ್ತಿ ಹೇಳಿದವು, ಬಂದರು ಕಟ್ಟುವವರು ತಮ್ಮ ಗೋಡೆಯ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಿಕೊಂಡರು.